ಇಂಧನದ ಒತ್ತಡ ಮತ್ತು ಅದರ ಹೊಂದಾಣಿಕೆ

ಪೀಠಿಕೆ

ಪೆಟ್ರೋಲಿಲ್ಲದೆ ಮೋಟಾರು ಕಾರು ಓಡಲಾರದೆಂಬುದು ಚಿಕ್ಕ ಮಕ್ಕಳಿಗೂ ತಿಳಿದ ಸಂಗತಿ. ಆದರೆ ಟ್ಯಾಂಕಿನಲ್ಲಿ ಪೆಟ್ರೋಲು ತುಂಬಿದ ಮಾತ್ರಕ್ಕೆ ಎಂಜಿನ್ನು ಸರಿಯಾಗಿ ಓಡುವುದೆಂದು ಹೇಳಲು ಬಾರದು. ಎಷ್ಟು ಗಾಳಿಗೆ ಎಷ್ಟು ಪೆಟ್ರೋಲು ಬೇಕೋ ಅಷ್ಟೇ ಬೆರೆಯಬೇಕು. ತೂಕದ ಲೆಕ್ಕದಲ್ಲಿ 14.7 ಭಾಗ ಗಾಳಿಗೆ 1 ಭಾಗ ಪೆಟ್ರೋಲು ಸೇರಿದರೆ ಎರಡರಲ್ಲಿ ಯಾವುದೂ ಉಳಿಯದಂತೆ ದಹನವಾಗುವುದು. ಎಂಜಿನ್ನಿನಿಂದ ಪೂರ್ಣ ಶಕ್ತಿಯನ್ನು ಪಡೆಯಬೇಕಾದಾಗ ಸುಮಾರು 12.5ರಿಂದ 13 ಭಾಗ ಗಾಳಿಗೆ 1 ಭಾಗ ಪೆಟ್ರೋಲು ಬೇಕಾಗುವುದು.

ಈ ಪ್ರಮಾಣವು ತಪ್ಪಿದರೆ ಕೇಡು ಎರಡು ಬಗೆಯದು. ಪೆಟ್ರೋಲು ಹೆಚ್ಚಾದರೆ ಸ್ಪಾರ್ಕ್ ಪ್ಲಗ್ಗುಗಳಿಗೆ ಮಸಿ ಹಿಡಿಯುವುದು. ಉರಿಯದ ಪೆಟ್ರೋಲು ಸಿಲಿಂಡರಿನ ಗೋಡೆಗಂಟಿದ ಎಣ್ಣೆಯನ್ನು ತೊಳೆದು ಸವೆತವನ್ನುಂಟುಮಾಡುವುದು. ಹೊಗೆಯ ಕೊಳವೆಯಲ್ಲಿರುವ ಶುದ್ಧೀಕರಣದ ಸಾಧನವು ಅತಿಯಾಗಿ ಕಾದು ಕೆಡುವುದು. ಪೂರ್ಣ ಭಾರದಲ್ಲಿ ಪೆಟ್ರೋಲು ಕಡಿಮೆಯಾದರೆ ಮಿಶ್ರಣವು ತಾನಾಗಿಯೇ ಸಿಡಿಯತೊಡಗುವುದು. ಸುತ್ತಿಗೆಯಿಂದ ಕುಟ್ಟಿದಂತೆ ಕೇಳುವ ಈ ಸದ್ದಿಗೆ ಮೆಕ್ಯಾನಿಕರು ‘ನಾಕಿಂಗ್’ ಎನ್ನುವರು. ಅದು ಬಲವಾದರೆ ಪಿಸ್ಟನ್ನಿನ ತಲೆಯೇ ಒಡೆಯಬಹುದು. ಮೊದಲನೆಯ ಕೇಡು ನಿಧಾನವಾದುದು. ಎರಡನೆಯದು ಕೆಲವು ಕ್ಷಣಗಳಲ್ಲಿ ನಡೆದುಹೋಗುವಂಥದು.

ಕಾರ್ಖಾನೆಯಿಂದ ಬಂದಂತೆಯೇ ಇರುವ ಕಾರಿನಲ್ಲಿ ಈ ಪ್ರಮಾಣವನ್ನು ತಯಾರಕರೇ ನಿಶ್ಚಯಿಸಿರುವರು. ಎಂಜಿನ್ನನ್ನು ಮಾರ್ಪಡಿಸಿ ಶಕ್ತಿಯನ್ನು ಹೆಚ್ಚಿಸಲು ಹೊರಟಾಗ ಆ ಹೊಣೆಯು ಮಾರ್ಪಡಿಸಿದವನ ಮೇಲೆ ಬೀಳುವುದು. ಆಗ ಅವನು ಕೈಹಾಕುವ ಉಪಕರಣಗಳಲ್ಲಿ ಒಂದು, ತಿರುಪಿನಿಂದ ಹೊಂದಿಸಬಹುದಾದ ಇಂಧನ ಒತ್ತಡ ನಿಯಂತ್ರಕ. ಮುಷ್ಟಿಯಲ್ಲಿ ಹಿಡಿಸುವ ಈ ಚಿಕ್ಕ ಉಪಕರಣವು ಏನನ್ನು ಮಾಡಬಲ್ಲದು, ಏನನ್ನು ಮಾಡಲಾರದು ಎಂಬುದನ್ನು ಮುಂದೆ ವಿವೇಚಿಸಲಾಗಿದೆ.

ಒತ್ತಡವೇಕೆ?

ಹಿಂದಿನ ಕಾರುಗಳಲ್ಲಿದ್ದ ಕಾರ್ಬುರೇಟರಿಗೆ ಹೆಚ್ಚಿನ ಒತ್ತಡವು ಬೇಕಿರಲಿಲ್ಲ. ಪಂಪಿನಿಂದ ಬಂದ ಪೆಟ್ರೋಲು ಒಂದು ಸಣ್ಣ ಬಟ್ಟಲಿನಲ್ಲಿ ನಿಲ್ಲುತ್ತಿತ್ತು. ಒಳಸೆಳೆಯುವ ಗಾಳಿಯು ಅದನ್ನು ಸಣ್ಣ ರಂಧ್ರದ ಮೂಲಕ ಹೀರಿಕೊಳ್ಳುತ್ತಿತ್ತು. ಬಟ್ಟಲನ್ನು ತುಂಬಲು ಚದರ ಅಂಗುಲಕ್ಕೆ ಮೂರು ನಾಲ್ಕು ಪೌಂಡಿನ ಒತ್ತಡವೇ ಧಾರಾಳವಾಗಿತ್ತು. ಅದಕ್ಕೆ ಮಿಗಿಲಾದರೆ ಬಟ್ಟಲಿನ ಬಾಗಿಲನ್ನು ಮುಚ್ಚುವ ಸೂಜಿಯನ್ನು ಪೆಟ್ರೋಲು ಎತ್ತಿಹಾಕಿ ಉಕ್ಕಿ ಹರಿಯುತ್ತಿತ್ತು.

ಇಂಜೆಕ್ಷನ್ ಪದ್ಧತಿಯಲ್ಲಿ ಗಾಳಿಯು ಪೆಟ್ರೋಲನ್ನು ಹೀರುವುದಿಲ್ಲ. ಒತ್ತಡವೇ ಪೆಟ್ರೋಲನ್ನು ಚಿಮ್ಮಿಸುವುದು. 1967ರಲ್ಲಿ ಜರ್ಮನಿಯ ಬಾಷ್ ಸಂಸ್ಥೆಯು ಡಿ-ಜೆಟ್ರಾನಿಕ್ ಎಂಬ ವಿದ್ಯುನ್ಮಾನ ಪದ್ಧತಿಯನ್ನು ಫೋಕ್ಸ್‌ವ್ಯಾಗನ್ 1600 ಕಾರಿನಲ್ಲಿ ಬಳಕೆಗೆ ತಂದಿತು. ಅದರ ಒತ್ತಡವು ಸುಮಾರು 2 ಬಾರ್, ಎಂದರೆ ಚದರ ಅಂಗುಲಕ್ಕೆ 29 ಪೌಂಡಿನಷ್ಟಿತ್ತು. ಅದನ್ನು ಹೊಂದಿಸಲು ತಿರುಪು ಮತ್ತು ಲಾಕ್ ನಟ್ಟುಳ್ಳ ನಿಯಂತ್ರಕವನ್ನು ಕಾರ್ಖಾನೆಯಲ್ಲಿಯೇ ಕೂಡಿಸಲಾಗುತ್ತಿತ್ತೆಂಬುದು ಗಮನಾರ್ಹ. ಮುಂದಿನ ಪದ್ಧತಿಗಳಲ್ಲಿ ತಿರುಪಿಲ್ಲದ, ಮುಚ್ಚಿದ ನಿಯಂತ್ರಕಗಳು ರೂಢಿಗೆ ಬಂದವು. ಭಾರತದಲ್ಲಿಯೂ 2000ದ ಸುಮಾರಿಗೆ ಹೊಗೆಯ ನಿಯಮಗಳು ಬಿಗಿಯಾದ ಮೇಲೆ ಪೆಟ್ರೋಲು ಕಾರುಗಳಲ್ಲಿ ಕಾರ್ಬುರೇಟರಿನ ಸ್ಥಾನವನ್ನು ಇಂಜೆಕ್ಷನ್ ಪದ್ಧತಿಯು ಆಕ್ರಮಿಸಿತು.

ಈ ಪದ್ಧತಿಯಲ್ಲಿ ಪ್ರತಿಯೊಂದು ಸಿಲಿಂಡರಿಗೂ ಒಂದೊಂದು ಇಂಜೆಕ್ಟರು ಇರುವುದು. ಅದು ವಿದ್ಯುತ್ತಿನಿಂದ ತೆರೆದು ಮುಚ್ಚುವ ನಲ್ಲಿಯೆಂದು ತಿಳಿಯಬಹುದು. ಎಷ್ಟು ಹೊತ್ತು ತೆರೆದಿರಬೇಕೆಂಬುದನ್ನು ಕಾರಿನ ಗಣಕಯಂತ್ರವು ನಿರ್ಧರಿಸುವುದು. ಆದರೆ ತೆರೆದಿರುವಷ್ಟು ಹೊತ್ತಿನಲ್ಲಿ ಎಷ್ಟು ಪೆಟ್ರೋಲು ಹರಿಯುವುದೆಂಬುದು ಒತ್ತಡವನ್ನು ಅವಲಂಬಿಸಿದೆ. ಅನೇಕ ಕಾರುಗಳ ಗಣಕಯಂತ್ರವು ಆ ಒತ್ತಡವನ್ನು ಅಳೆಯುವುದಿಲ್ಲ. ತಯಾರಕರು ಗೊತ್ತುಮಾಡಿದಷ್ಟೇ ಇದೆಯೆಂದು ನಂಬಿ ಲೆಕ್ಕ ಹಾಕುವುದು. ಆ ನಂಬಿಕೆ ಹುಸಿಯಾದರೆ ಲೆಕ್ಕವೆಲ್ಲವೂ ಹುಸಿಯಾಗುವುದು. ಒತ್ತಡದ ಹೊಂದಾಣಿಕೆಯ ಮಹತ್ವವೆಲ್ಲ ಇದರಲ್ಲಿ ಅಡಗಿದೆ.

ನಿಯಂತ್ರಕದ ರಚನೆ

ಅಡಿಗೆಮನೆಯ ಪ್ರೆಷರ್ ಕುಕ್ಕರನ್ನು ಕಂಡವರಿಗೆ ಈ ಉಪಕರಣದ ತತ್ತ್ವವು ಕಠಿಣವೆನಿಸದು. ಕುಕ್ಕರಿನ ತೂಕವು ಒಳಗಿನ ಹಬೆಯನ್ನು ಅದುಮಿಟ್ಟಿರುವುದು. ಹಬೆಯ ಬಲವು ತೂಕವನ್ನು ಮೀರಿದೊಡನೆ ಹೆಚ್ಚಾದ ಹಬೆಯು ಹೊರಬೀಳುವುದು. ಒಳಗೆ ಗೊತ್ತಾದ ಒತ್ತಡವು ಉಳಿಯುವುದು. ತೂಕವನ್ನು ಹೆಚ್ಚಿಸಿದರೆ ಒಳಗಿನ ಒತ್ತಡವೂ ಹೆಚ್ಚುವುದು.

ಇಂಧನ ನಿಯಂತ್ರಕದಲ್ಲಿ ತೂಕದ ಬದಲು ಒಂದು ಸ್ಪ್ರಿಂಗು ಇದೆ. ಲೋಹದ ಗೂಡನ್ನು ರಬ್ಬರಿನ ಒಂದು ಪೊರೆಯು ಎರಡು ಕೋಣೆಗಳಾಗಿ ವಿಭಾಗಿಸಿರುವುದು. ಈ ಪೊರೆಗೆ ಡಯಾಫ್ರಮ್ ಎಂದು ಹೆಸರು. ಕೆಳಗಿನ ಕೋಣೆಯಲ್ಲಿ ಪೆಟ್ರೋಲು, ಮೇಲಿನ ಕೋಣೆಯಲ್ಲಿ ಸ್ಪ್ರಿಂಗು. ಪಂಪಿನಿಂದ ಬಂದ ಪೆಟ್ರೋಲು ಇಂಜೆಕ್ಟರುಗಳಿಗೆ ಹಂಚುವ ಕೊಳವೆಯನ್ನು ಹಾಯ್ದು, ಅದರ ಕೊನೆಯಲ್ಲಿರುವ ನಿಯಂತ್ರಕವನ್ನು ಸೇರುವುದು. ಅದರ ಬಲವು ಸ್ಪ್ರಿಂಗಿನ ಬಲವನ್ನು ಮೀರಿದಾಗ ಪೊರೆಯು ಮೇಲೆದ್ದು ದಾರಿ ಬಿಡುವುದು. ಹೆಚ್ಚಾದ ಪೆಟ್ರೋಲು ಮರಳಿ ಟ್ಯಾಂಕಿಗೆ ಹೋಗುವುದು. ಪಂಪು ಸದಾ ಎಂಜಿನ್ನಿಗೆ ಬೇಕಾದುದಕ್ಕಿಂತ ಹೆಚ್ಚು ಪೆಟ್ರೋಲನ್ನು ಕೊಡುತ್ತಿರುವುದರಿಂದ ಈ ಮರಳುವ ಹರಿವು ಎಡೆಬಿಡದೆ ನಡೆದಿರುವುದು.

ಹೊಂದಿಸಬಹುದಾದ ನಿಯಂತ್ರಕದ ನೆತ್ತಿಯ ಮೇಲೆ ಒಂದು ತಿರುಪು, ಅದನ್ನು ಬಿಗಿದಿಡಲು ಒಂದು ಲಾಕ್ ನಟ್ಟು ಇರುವುವು. ತಿರುಪನ್ನು ಒಳಕ್ಕೆ ತಿರುಗಿಸಿದರೆ ಸ್ಪ್ರಿಂಗು ಅದುಮಿ ಒತ್ತಡವು ಏರುವುದು. ಹೊರಕ್ಕೆ ತಿರುಗಿಸಿದರೆ ಇಳಿಯುವುದು. ಇಲ್ಲಿ ಒಂದು ಸಂಗತಿಯನ್ನು ಮನಸ್ಸಿನಲ್ಲಿಡಬೇಕು. ನಿಯಂತ್ರಕವು ಒತ್ತಡವನ್ನು ಉತ್ಪಾದಿಸುವುದಿಲ್ಲ, ಉತ್ಪಾದಿಸುವುದು ಪಂಪು. ಹರಿದುಹೋಗುವ ದಾರಿಯನ್ನು ಬಿಗಿಹಿಡಿದು ಅಥವಾ ಸಡಿಲಿಸಿ ಪಂಪಿನ ಬಲವನ್ನು ಒಂದು ಮಟ್ಟದಲ್ಲಿ ನಿಲ್ಲಿಸುವುದಷ್ಟೇ ನಿಯಂತ್ರಕದ ಕಾರ್ಯ. ಸೋತ ಪಂಪಿಗೆ ಯಾವ ನಿಯಂತ್ರಕವೂ ಬಲ ಕೊಡಲಾರದು.

ಚಿಕ್ಕ ರಬ್ಬರು ಕೊಳವೆಯ ದೊಡ್ಡ ಕೆಲಸ

ನಿಯಂತ್ರಕದ ಮೇಲಿನ ಕೋಣೆಯಿಂದ ಒಂದು ಸಣ್ಣ ರಬ್ಬರು ಕೊಳವೆಯು ಎಂಜಿನ್ನಿನ ಮ್ಯಾನಿಫೋಲ್ಡಿಗೆ, ಎಂದರೆ ಗಾಳಿ ಒಳಬರುವ ಕೊಳವೆಗಳ ಸಮೂಹಕ್ಕೆ ಹೋಗಿರುವುದು. ಅನೇಕರು ಇದನ್ನು ಅಲಕ್ಷಿಸುವುದರಿಂದಲೇ ತಪ್ಪು ಹೊಂದಾಣಿಕೆಗಳು ಹುಟ್ಟುವುವು.

ಇಂಜೆಕ್ಟರಿನ ಮೂತಿಯು ತೆರೆದ ಗಾಳಿಯಲ್ಲಿಲ್ಲ. ಅದು ಮ್ಯಾನಿಫೋಲ್ಡಿನ ಒಳಗಿದೆ. ಎಂಜಿನ್ನು ನಿಂತಲ್ಲಿಯೇ ಮೆಲ್ಲನೆ ಓಡುತ್ತಿರುವಾಗ ಮ್ಯಾನಿಫೋಲ್ಡಿನಲ್ಲಿ ನಿರ್ವಾತವಿರುವುದು. ಪಾದರಸದ 18 ಅಂಗುಲದ ನಿರ್ವಾತವೆಂದರೆ ಹೊರಗಿನ ಗಾಳಿಗಿಂತ ಚದರ ಅಂಗುಲಕ್ಕೆ ಸುಮಾರು 9 ಪೌಂಡು ಕಡಿಮೆ. ಆ ನಿರ್ವಾತವು ಪೆಟ್ರೋಲನ್ನು ಮೂತಿಯಿಂದ ಹೆಚ್ಚಾಗಿ ಸೆಳೆಯುವುದು. ಪೂರ್ಣ ಥ್ರಾಟಲಿನಲ್ಲಿ ನಿರ್ವಾತವು ಬಹುಮಟ್ಟಿಗೆ ಇಲ್ಲವಾಗುವುದು, ಸೆಳೆತವೂ ಇಲ್ಲವಾಗುವುದು. ಈ ಏರುಪೇರನ್ನು ಸರಿದೂಗಿಸುವ ಕೆಲಸವು ಸಣ್ಣ ಕೊಳವೆಯದು. ನಿರ್ವಾತವಿದ್ದಾಗ ಅದು ಪೊರೆಯನ್ನು ಮೇಲಕ್ಕೆ ಸೆಳೆದು ಒತ್ತಡವನ್ನು ಅಷ್ಟೇ ಪ್ರಮಾಣದಲ್ಲಿ ಇಳಿಸುವುದು.

ಮೂಲ ಒತ್ತಡವು 39 ಪೌಂಡು ಎಂದಿಟ್ಟುಕೊಂಡರೆ, ನಿಂತಲ್ಲಿ ಓಡುವಾಗ ಮಾಪಕದಲ್ಲಿ ಕಾಣುವುದು 30. ಮ್ಯಾನಿಫೋಲ್ಡಿನಲ್ಲಿರುವುದು ಸೊನ್ನೆಗಿಂತ 9 ಕಡಿಮೆ. ಎರಡರ ಅಂತರ 39. ಪೂರ್ಣ ಥ್ರಾಟಲಿನಲ್ಲಿ ಮಾಪಕದಲ್ಲಿ 39, ಮ್ಯಾನಿಫೋಲ್ಡಿನಲ್ಲಿ ಸೊನ್ನೆ. ಅಂತರ ಅದೇ 39. ಸೂಪರ್‌ಚಾರ್ಜರು ಗಾಳಿಯನ್ನು 8 ಪೌಂಡಿನಿಂದ ಒತ್ತಿ ತುಂಬಿದರೆ ಮಾಪಕದಲ್ಲಿ 47, ಮ್ಯಾನಿಫೋಲ್ಡಿನಲ್ಲಿ 8; ಅಂತರ ಮತ್ತೆ 39. ಹೀಗೆ ಸ್ಥಿರವಾಗಿ ಉಳಿಯಬೇಕಾದುದು ಮಾಪಕದ ಅಂಕಿಯಲ್ಲ, ಅಂತರ.

ಇದೇ ಎಂಜಿನ್ನಿನಲ್ಲಿ ಆ ಕೊಳವೆಯು ಕಳಚಿಬಿದ್ದರೆ ಏನಾಗುವುದು? ಮಾಪಕವು 39ರಲ್ಲಿಯೇ ನಿಲ್ಲುವುದು. ಎದುರಿನಿಂದ 8 ಪೌಂಡು ಒತ್ತುವುದರಿಂದ ಅಂತರವು 31ಕ್ಕೆ ಇಳಿಯುವುದು. ಗಾಳಿಯು ಒಂದೂವರೆ ಪಟ್ಟು ಬರುತ್ತಿರುವ ಆ ಹೊತ್ತಿನಲ್ಲಿಯೇ ಇಂಜೆಕ್ಟರಿನ ಹರಿವು ನೂರಕ್ಕೆ 11ರಷ್ಟು ಕುಗ್ಗುವುದು. ಅತ್ಯಲ್ಪ ಬೆಲೆಯ ರಬ್ಬರು ಕೊಳವೆಯೊಂದು ಸಡಿಲವಾದ ಕಾರಣಕ್ಕೆ ಎಂಜಿನ್ನೇ ನಾಶವಾಗುವುದೆಂದರೆ ಅತಿಶಯೋಕ್ತಿಯಲ್ಲ.

ಒಂದು ನಿದರ್ಶನ

ವಿಷಯವನ್ನು ಸ್ಪಷ್ಟಪಡಿಸಲು ಅಮೆರಿಕದ ಫೋರ್ಡ್ ಮಸ್ಟಾಂಗ್ ಕಾರನ್ನು ತೆಗೆದುಕೊಳ್ಳಬಹುದು. 1986ರಿಂದ 1993ರ ವರೆಗಿನ ಇದರ 5.0 ಲೀಟರಿನ, ಎಂಟು ಸಿಲಿಂಡರುಗಳ ಮಾದರಿಯನ್ನು ಹವ್ಯಾಸಿಗಳು ಮಾರ್ಪಡಿಸಿದಷ್ಟು ಬೇರೆ ಕಾರುಗಳನ್ನು ಮಾರ್ಪಡಿಸಿರುವುದು ವಿರಳ. 1987ರ ಮಾದರಿಯ ಶಕ್ತಿಯು 225 ಅಶ್ವಶಕ್ತಿ. ಇಂಧನದ ಮೂಲ ಒತ್ತಡ ಚದರ ಅಂಗುಲಕ್ಕೆ 39 ಪೌಂಡು, ಎಂದರೆ ಸುಮಾರು 2.7 ಬಾರ್. ಸುಮಾರು 27 ಮೀಟರು ಎತ್ತರದ ತೊಟ್ಟಿಯಿಂದ ಇಳಿದು ಬರುವ ನೀರು ನಲ್ಲಿಯಲ್ಲಿ ತೋರುವ ಒತ್ತಡವು ಇಷ್ಟೇ. ಈ ಒತ್ತಡದಲ್ಲಿ ಸದಾ ತೆರೆದಿಟ್ಟ ಒಂದು ಇಂಜೆಕ್ಟರು ಗಂಟೆಗೆ 19 ಪೌಂಡು ಪೆಟ್ರೋಲನ್ನು ಕೊಡುವುದು. ಪಂಪಿನ ಸಾಮರ್ಥ್ಯವು ಗಂಟೆಗೆ ಸುಮಾರು 88 ಲೀಟರು.

ಇಂತಹ ಎಂಜಿನ್ನಿಗೆ ಗಾಳಿ ಸರಾಗವಾಗಿ ಹರಿಯುವ ಸಿಲಿಂಡರು ತಲೆಗಳನ್ನೂ ಬೇರೆ ಕ್ಯಾಮ್ ಶಾಫ್ಟನ್ನೂ ಕೂಡಿಸಿ 300 ಅಶ್ವಶಕ್ತಿಯನ್ನು ಪಡೆಯಬೇಕೆಂದಿರಲಿ. ಒಂದು ಅಶ್ವಶಕ್ತಿಯನ್ನು ಒಂದು ಗಂಟೆಯ ಕಾಲ ಕೊಡಲು ಸುಮಾರು ಅರ್ಧ ಪೌಂಡು ಪೆಟ್ರೋಲು ಬೇಕೆಂಬುದು ಬಳಕೆಯಲ್ಲಿರುವ ಅಂದಾಜು. ಆ ಪ್ರಕಾರ ಗಂಟೆಗೆ 150 ಪೌಂಡು, ಒಂದೊಂದು ಇಂಜೆಕ್ಟರಿಗೆ 18.75 ಪೌಂಡು ಬೇಕು. 19 ಪೌಂಡಿನ ಇಂಜೆಕ್ಟರು ಇದನ್ನು ಕೊಡಲು ನೂರಕ್ಕೆ 99ರಷ್ಟು ಕಾಲ ತೆರೆದಿರಬೇಕಾಗುವುದು. ಮುಚ್ಚಿ ತೆರೆಯಲು ಅದಕ್ಕೂ ಕೊಂಚ ಬಿಡುವು ಬೇಕಾದುದರಿಂದ ನೂರಕ್ಕೆ 85ನ್ನು ಮೀರಬಾರದೆಂಬುದು ಬಲ್ಲವರ ನಿಯಮ.

ಒತ್ತಡವನ್ನು ಏರಿಸಿ ಈ ಕೊರತೆಯನ್ನು ತುಂಬಬಹುದೆ? ಇಲ್ಲಿ ಪ್ರಕೃತಿಯ ಒಂದು ನಿಯಮವು ಅಡ್ಡಬರುವುದು. ರಂಧ್ರದ ಮೂಲಕ ಹರಿಯುವ ದ್ರವದ ಪ್ರಮಾಣವು ಒತ್ತಡಕ್ಕೆ ಅನುಗುಣವಾಗಿ ಹೆಚ್ಚುವುದಿಲ್ಲ. ಒತ್ತಡದ ವರ್ಗಮೂಲಕ್ಕೆ ಅನುಗುಣವಾಗಿ ಹೆಚ್ಚುವುದು. ಒತ್ತಡವನ್ನು 39ರಿಂದ 45ಕ್ಕೆ ಏರಿಸಿದರೆ ಒತ್ತಡವು ನೂರಕ್ಕೆ 15ರಷ್ಟು ಏರಿದರೂ ಹರಿವು ಏರುವುದು ಸುಮಾರು 7ರಷ್ಟು ಮಾತ್ರ. 19 ಪೌಂಡಿನ ಇಂಜೆಕ್ಟರು 20.4 ಪೌಂಡಿನದಾಗುವುದು. ಹರಿವು ಇಮ್ಮಡಿಯಾಗಬೇಕಾದರೆ ಒತ್ತಡವು ನಾಲ್ಮಡಿಯಾಗಬೇಕು. 39ರ ನಾಲ್ಮಡಿ 156. ಅಂತಹ ಒತ್ತಡವನ್ನು ಈ ಪಂಪೂ ತಡೆಯದು, ಕೊಳವೆಗಳೂ ತಡೆಯವು.

ಈ ಎಂಜಿನ್ನಿಗೆ ನೂರಕ್ಕೆ 85ರ ಮಿತಿಯೊಳಗೆ ಬೇಕಾದ ಹರಿವು 22 ಪೌಂಡು. ಅದಕ್ಕೆ ತಗಲುವ ಒತ್ತಡ ಸುಮಾರು 53 ಪೌಂಡು. ಕಾಗದದ ಮೇಲೆ ಇದು ಸಾಧ್ಯವೆಂದು ಕಾಣುವುದು. ಆದರೆ ಪಂಪನ್ನು ವಿಚಾರಿಸಬೇಕು. ಗಂಟೆಗೆ 150 ಪೌಂಡು ಪೆಟ್ರೋಲೆಂದರೆ 68 ಕಿಲೋಗ್ರಾಂ. ಲೀಟರಿನ ಲೆಕ್ಕದಲ್ಲಿ ಸುಮಾರು 92. ಪಂಪು ಕೊಡಬಲ್ಲುದು 88. ಅದೂ ಎದುರಿನ ಒತ್ತಡವು ಏರಿದಂತೆಲ್ಲ ಕುಗ್ಗುತ್ತ ಹೋಗುವುದು. ತಿರುಪನ್ನು ಬಿಗಿದವನು ಗ್ಯಾರೇಜಿನಲ್ಲಿ 53 ಅಂಕಿಯನ್ನು ಕಂಡು ತೃಪ್ತನಾಗುವನು, ಹೆದ್ದಾರಿಯಲ್ಲಿ ಪೂರ್ಣ ವೇಗದಲ್ಲಿ ಹೋಗುವಾಗ ಅದೇ ಅಂಕಿಯು ಅವನಿಗೆ ತಿಳಿಯದಂತೆ ಕುಸಿಯುವುದು, ಮಿಶ್ರಣವು ತೆಳುವಾಗುವುದು.

ಆದುದರಿಂದ ಇಲ್ಲಿ ಯೋಗ್ಯ ಮಾರ್ಗವು 24 ಪೌಂಡಿನ ಇಂಜೆಕ್ಟರುಗಳನ್ನೂ ದೊಡ್ಡ ಪಂಪನ್ನೂ ಕೂಡಿಸಿ, ಗಣಕಯಂತ್ರದ ಲೆಕ್ಕವನ್ನು ಹೊಸ ಇಂಜೆಕ್ಟರುಗಳಿಗೆ ಅನುಗುಣವಾಗಿ ತಿದ್ದಿ, ಒತ್ತಡವನ್ನು ಮತ್ತೆ 39ರಲ್ಲಿಯೇ ನಿಲ್ಲಿಸುವುದು. ಆಗ ಇಂಜೆಕ್ಟರುಗಳು ನೂರಕ್ಕೆ 78ರಷ್ಟು ಕಾಲ ತೆರೆದಿದ್ದರೆ ಸಾಕು. ತಿರುಪು ಇರುವುದು ಸೂಕ್ಷ್ಮ ಹೊಂದಾಣಿಕೆಗಾಗಿ. ಕೊರತೆಯನ್ನು ಮರೆಮಾಚುವುದಕ್ಕಾಗಿ ಅಲ್ಲ.

ಹೊಂದಿಸುವ ಕ್ರಮ

ಪೆಟ್ರೋಲು ಸೊನ್ನೆಗಿಂತ 40 ಡಿಗ್ರಿ ಕೆಳಗಿನ ಚಳಿಯಲ್ಲಿಯೂ ಹೊತ್ತಿಕೊಳ್ಳಬಲ್ಲ ಆವಿಯನ್ನು ಬಿಡುವುದು. ಆ ಆವಿಯು ಗಾಳಿಗಿಂತ ಭಾರವಾದುದರಿಂದ ನೆಲದ ಮೇಲೆ ಹರಡಿ ದೂರದ ಕಿಡಿಯನ್ನೂ ಹುಡುಕಿಕೊಂಡು ಹೋಗುವುದು. ಆದುದರಿಂದ ಈ ಕೆಲಸವು ಗಾಳಿಯಾಡುವ ಬಯಲಿನಲ್ಲಿ, ಎಂಜಿನ್ನು ತಣ್ಣಗಿರುವಾಗ ಆರಂಭವಾಗಬೇಕು. ಒಣಪುಡಿಯ ಅಗ್ನಿಶಾಮಕವು ಕೈಗೆಟುಕುವಂತಿರಬೇಕು, ಕಣ್ಣಿಗೆ ಕನ್ನಡಕವಿರಬೇಕು, ಬೀಡಿ, ಬೆಂಕಿಕಡ್ಡಿಗಳು ದೂರವಿರಬೇಕು.

ಮೊದಲನೆಯದಾಗಿ, ಕೊಳವೆಯಲ್ಲಿ ಉಳಿದಿರುವ ಒತ್ತಡವನ್ನು ಇಳಿಸಬೇಕು. ಎಂಜಿನ್ನು ನಿಂತು ಗಂಟೆಗಳಾದರೂ ಒತ್ತಡವು ಉಳಿದಿರಬಹುದು. ಮೇಲೆ ಹೇಳಿದ ಮಸ್ಟಾಂಗ್ ಕಾರಿನ ಡಿಕ್ಕಿಯಲ್ಲಿ, ಅಪಘಾತವಾದರೆ ಪಂಪನ್ನು ನಿಲ್ಲಿಸುವ ಸ್ವಿಚ್ಚೊಂದಿದೆ. ಅದರ ತಂತಿಯನ್ನು ಕಳಚಿ, ಎಂಜಿನ್ನು ತಾನಾಗಿ ನಿಲ್ಲುವವರೆಗೆ ಓಡಿಸಿದರೆ ಒತ್ತಡವು ಇಳಿಯುವುದು. ಬಳಿಕ ಬ್ಯಾಟರಿಯ ಋಣ ತುದಿಯನ್ನು ಬಿಚ್ಚಿ, ಹೊಸ ನಿಯಂತ್ರಕವನ್ನು ಕೂಡಿಸಬೇಕು. ಹಳೆಯ ರಬ್ಬರು ಉಂಗುರಗಳನ್ನು ಮತ್ತೆ ಬಳಸಬಾರದು. ತಿರುಪನ್ನು ಮೊದಲು ಸಡಿಲವಾಗಿಯೇ ಬಿಟ್ಟಿರಬೇಕು.

ಎರಡನೆಯದಾಗಿ, ಮಾಪಕವನ್ನು ಜೋಡಿಸಬೇಕು. ಈ ಕಾರಿನ ಹಂಚುವ ಕೊಳವೆಯಲ್ಲಿ ಟೈರಿನ ಬಾಯಿಯಂತಹ ಒಂದು ಕವಾಟವಿದೆ. ಮಾಪಕವನ್ನು ಅಲ್ಲಿಗೆ ಕೂಡಿಸುವುದು ಸುಲಭ. ಎಣ್ಣೆ ತುಂಬಿದ ಮಾಪಕವು ಎಂಜಿನ್ನಿನ ಬಿಸಿಗೆ ಕಾದರೆ ಒಳಗಿನ ದ್ರವವು ಹಿಗ್ಗಿ ತಪ್ಪು ಅಂಕಿಯನ್ನು ತೋರಬಹುದೆಂಬುದು ನೆನಪಿರಲಿ. ಅನಂತರ ಬ್ಯಾಟರಿಯನ್ನು ಜೋಡಿಸಿ, ಎಂಜಿನ್ನನ್ನು ಹೊತ್ತಿಸದೆ ಕೀಲಿಯನ್ನು ಎರಡು ಮೂರು ಬಾರಿ ತಿರುಗಿಸಿದರೆ ಪಂಪು ಒಂದೆರಡು ಕ್ಷಣ ಓಡಿ ಕೊಳವೆಯನ್ನು ತುಂಬುವುದು. ಆಗ ಎಲ್ಲ ಕೀಲುಗಳನ್ನೂ ಕಣ್ಣಿಟ್ಟು ಪರೀಕ್ಷಿಸಬೇಕು. ಒಂದು ಹನಿ ಜಿನುಗಿದರೂ ಮುಂದುವರಿಯಬಾರದು.

ಮೂರನೆಯದಾಗಿ, ಎಂಜಿನ್ನನ್ನು ಹೊತ್ತಿಸಿ ಪೂರ್ಣವಾಗಿ ಕಾಯಲು ಬಿಡಬೇಕು. ನಿಂತಲ್ಲಿಯೇ ಓಡುತ್ತಿರುವಾಗ ನಿಯಂತ್ರಕದ ಸಣ್ಣ ರಬ್ಬರು ಕೊಳವೆಯನ್ನು ಬಿಚ್ಚಿ, ಮ್ಯಾನಿಫೋಲ್ಡಿನ ಕಡೆಯ ಬಾಯಿಯನ್ನು ಮುಚ್ಚಬೇಕು. ಮುಚ್ಚದಿದ್ದರೆ ಲೆಕ್ಕಕ್ಕೆ ಸಿಗದ ಗಾಳಿಯು ಒಳನುಗ್ಗುವುದು. ಈಗ ಲಾಕ್ ನಟ್ಟನ್ನು ಸಡಿಲಿಸಿ, ತಿರುಪನ್ನು ಕಾಲು ಸುತ್ತಿಗಿಂತ ಹೆಚ್ಚಿಲ್ಲದಂತೆ ತಿರುಗಿಸುತ್ತ, ಪ್ರತಿ ಸಲವೂ ಮಾಪಕದ ಮುಳ್ಳು ನಿಲ್ಲುವವರೆಗೆ ತಾಳಿ, 39ನ್ನು ಮುಟ್ಟಬೇಕು. ಲಾಕ್ ನಟ್ಟನ್ನು ಬಿಗಿಯುವಾಗ ತಿರುಪು ಕೊಂಚ ಸರಿಯುವುದುಂಟು. ಬಿಗಿದ ಮೇಲೆ ಮತ್ತೊಮ್ಮೆ ನೋಡಬೇಕು.

ನಾಲ್ಕನೆಯದಾಗಿ, ರಬ್ಬರು ಕೊಳವೆಯನ್ನು ಮರಳಿ ಜೋಡಿಸಬೇಕು. ಮುಳ್ಳು ಕೆಳಗಿಳಿದರೆ ಪೊರೆಯು ಸರಿಯಾಗಿ ಕೆಲಸ ಮಾಡುತ್ತಿರುವುದೆಂದು ಅರ್ಥ. ಕೊಳವೆ ಜೋಡಿಸಿದಾಗ ಕಾಣುವ ಅಂಕಿಯನ್ನು ಹಿಡಿದು ಹೊಂದಿಸುವುದು ತಪ್ಪು. ಕಾರ್ಖಾನೆಯ ಕ್ಯಾಮ್ ಶಾಫ್ಟಿನಲ್ಲಿ 18 ಅಂಗುಲವಿದ್ದ ನಿರ್ವಾತವು ಮಾರ್ಪಡಿಸಿದ ಶಾಫ್ಟಿನಲ್ಲಿ 12 ಅಂಗುಲಕ್ಕೆ ಇಳಿದಿರಬಹುದು. ಆಗ ಕಾಣಬೇಕಾದ ಅಂಕಿ 30 ಅಲ್ಲ, 33. ಇದನ್ನರಿಯದೆ 30ಕ್ಕೆ ಇಳಿಸಿದವನು ಮೂಲ ಒತ್ತಡವನ್ನು 36ಕ್ಕೆ ಇಳಿಸಿದಂತಾಗುವುದು.

ಕೊನೆಯದಾಗಿ, ಭಾರವಿರುವಾಗ ಪರೀಕ್ಷಿಸಬೇಕು. ನಿಂತಲ್ಲಿ ಸರಿಯಿರುವ ಒತ್ತಡವು ಏರುವೇಗದಲ್ಲಿಯೂ ಉಳಿಯುವುದೆ ಎಂಬುದೇ ನಿಜವಾದ ಪ್ರಶ್ನೆ. ಇದನ್ನು ಡೈನಮೊಮೀಟರಿನ ಮೇಲೆ ನೋಡುವುದು ಉತ್ತಮ. ಪೆಟ್ರೋಲು ತುಂಬಿದ ಮಾಪಕವನ್ನು ಕಾರಿನ ಒಳಗೆ ಎಂದಿಗೂ ತರಬಾರದು; ಒಳಗೆ ನೋಡಬೇಕಾದರೆ ತಂತಿಯ ಮೂಲಕ ಸೂಚನೆ ನೀಡುವ ವಿದ್ಯುತ್ ಮಾಪಕವನ್ನೇ ಬಳಸಬೇಕು.

ತಿರುಪಿಗೆ ಬಗ್ಗದ ಒತ್ತಡ

ಕೆಲವೊಮ್ಮೆ ತಿರುಪನ್ನು ಎಷ್ಟು ತಿರುಗಿಸಿದರೂ ಒತ್ತಡವು ಬೇಕಾದಲ್ಲಿ ನಿಲ್ಲದು. ಆಗ ದೋಷವು ಬೇರೆಡೆ ಇದೆಯೆಂದು ತಿಳಿಯಬೇಕು.

ತಿರುಪು ಪೂರ್ತಿ ಸಡಿಲವಾಗಿದ್ದರೂ ಒತ್ತಡವು ಇಳಿಯದಿದ್ದರೆ ಮರಳುವ ದಾರಿಯು ಇಕ್ಕಟ್ಟಾಗಿದೆಯೆಂದು ಅರ್ಥ. ಗಂಟೆಗೆ 255 ಲೀಟರಿನ ಪಂಪನ್ನು ಕೂಡಿಸಿದ ಕಾರುಗಳಲ್ಲಿ ಇದು ಸಾಮಾನ್ಯ. ನಿಂತಲ್ಲಿ ಓಡುವ ಎಂಜಿನ್ನಿಗೆ ಬೇಕಾದುದು ಕೆಲವೇ ಲೀಟರು. ಉಳಿದುದೆಲ್ಲವೂ ಚಿಕ್ಕ ಪಂಪಿಗೆಂದು ಮಾಡಿದ ಮರಳುಗೊಳವೆಯಲ್ಲಿಯೇ ಹೋಗಬೇಕು. ಬಾಗಿಲು ತೆರೆದಿದ್ದರೂ ಬೀದಿ ಕಿರಿದಾದರೆ ಜನಸಂದಣಿ ಕರಗದು.

ತಿರುಪನ್ನು ಬಿಗಿದರೂ ಒತ್ತಡವು ಏರದಿದ್ದರೆ ಪಂಪು ಸೋತಿದೆ, ಸೋಸುಕವು ಕಟ್ಟಿಕೊಂಡಿದೆ, ಅಥವಾ ಪಂಪಿಗೆ ಸಾಕಷ್ಟು ವೋಲ್ಟೇಜು ತಲಪುತ್ತಿಲ್ಲ. ಹಳೆಯ ತಂತಿ, ತುಕ್ಕು ಹಿಡಿದ ಕೂಡಿಕೆಗಳಲ್ಲಿ ವೋಲ್ಟೇಜು ಸೋರಿಹೋಗುವುದು. ಅದು ತಗ್ಗಿದಷ್ಟೂ ಪಂಪಿನ ಹರಿವು ತಗ್ಗುವುದು. ನಿಂತಲ್ಲಿ ಒತ್ತಡವು ಸರಿಯಾಗಿದ್ದು ವೇಗ ಏರಿದಾಗ ಮಾತ್ರ ಕುಸಿದರೂ ಕಾರಣವು ಇವೇ ಮೂರರಲ್ಲಿ ಒಂದಾಗಿರುವುದು ಹೆಚ್ಚು.

ಸಣ್ಣ ರಬ್ಬರು ಕೊಳವೆಯನ್ನು ಬಿಚ್ಚಿದಾಗ ಅದರಲ್ಲಿ ಪೆಟ್ರೋಲಿನ ಹಸಿ ಕಂಡರೆ ನಿಯಂತ್ರಕದ ಪೊರೆಯು ಹರಿದಿದೆ. ಪೆಟ್ರೋಲು ಆ ದಾರಿಯಿಂದ ನೇರವಾಗಿ ಎಂಜಿನ್ನಿಗೆ ಸೇರುತ್ತಿರುವುದು. ಅಂತಹ ನಿಯಂತ್ರಕವನ್ನು ಹೊಂದಿಸಲು ಹೋಗದೆ ಬದಲಿಸಬೇಕು. ಎಂಜಿನ್ನು ನಿಲ್ಲಿಸಿದೊಡನೆ ಒತ್ತಡವು ಸೊನ್ನೆಗೆ ಬಿದ್ದರೆ ಪಂಪಿನ ಹಿಂತಡೆ ಕವಾಟವೋ ನಿಯಂತ್ರಕವೋ ಇಂಜೆಕ್ಟರೋ ಸೋರುತ್ತಿದೆ.

ಗಣಕಯಂತ್ರದ ತಿದ್ದುಪಡಿ

ಒತ್ತಡವನ್ನು ಏರಿಸಿದವರು ಕೆಲವೊಮ್ಮೆ ಒಂದು ವಿಚಿತ್ರವನ್ನು ಕಾಣುವರು. ಮೊದಲ ದಿನ ಎಂಜಿನ್ನಿನ ನಡೆ ಬದಲಾದಂತೆ ತೋರಿ, ಕೆಲವು ದಿನಗಳಲ್ಲಿ ಮೊದಲಿನಂತೆಯೇ ಆಗುವುದು. ಇದಕ್ಕೆ ಕಾರಣವು ಹೊಗೆಯ ಕೊಳವೆಯಲ್ಲಿರುವ ಆಮ್ಲಜನಕದ ಸಂವೇದಕ. ಸಾಧಾರಣ ಓಟದಲ್ಲಿ ಗಣಕಯಂತ್ರವು ಅದರ ಸೂಚನೆಯಂತೆ ಪೆಟ್ರೋಲನ್ನು ಹೆಚ್ಚು ಕಡಿಮೆ ಮಾಡುತ್ತ 14.7ರ ಪ್ರಮಾಣವನ್ನು ಕಾಯುವುದು. ಒತ್ತಡ ಏರಿ ಪೆಟ್ರೋಲು ಹೆಚ್ಚಾಯಿತೆಂದು ತಿಳಿದೊಡನೆ ಇಂಜೆಕ್ಟರು ತೆರೆದಿರುವ ಕಾಲವನ್ನು ಕಡಿಮೆ ಮಾಡುವುದು. ಆ ತಿದ್ದುಪಡಿಯನ್ನು ನೆನಪಿನಲ್ಲಿಯೂ ಇಟ್ಟುಕೊಳ್ಳುವುದು.

ಪೂರ್ಣ ಥ್ರಾಟಲಿನಲ್ಲಿ ಮಾತ್ರ ಆ ಹಳೆಯ ಸಂವೇದಕದ ಮಾತನ್ನು ಯಂತ್ರವು ಕೇಳುವುದಿಲ್ಲ; ನೆನಪಿನಲ್ಲಿರುವ ಅಂಕಿಗಳನ್ನು ಆಧರಿಸಿ ನಡೆಯುವುದು. ಆದುದರಿಂದ ಒತ್ತಡವನ್ನು ಬದಲಿಸಿದ ಮೇಲೆ ಬ್ಯಾಟರಿಯನ್ನು ಕೆಲಹೊತ್ತು ಬಿಚ್ಚಿ ಹಳೆಯ ನೆನಪನ್ನು ಅಳಿಸಿ, ಕೆಲವು ದಿನಗಳ ಓಟದ ಅನಂತರವೇ ಫಲಿತಾಂಶವನ್ನು ನಿರ್ಣಯಿಸಬೇಕು. ನಿರ್ಣಯಕ್ಕೆ ಮಿಶ್ರಣದ ಪ್ರಮಾಣವನ್ನು ಅಂಕಿಯಲ್ಲಿ ತೋರಿಸುವ ಅಗಲ ವ್ಯಾಪ್ತಿಯ ಸಂವೇದಕವೇ ಆಧಾರ. ಕಾರು ಚುರುಕಾದಂತಿದೆ ಎಂಬ ಅನಿಸಿಕೆಯು ಪ್ರಮಾಣವಾಗದು. ಏಕೆಂದರೆ ಮಿಶ್ರಣವು ಅಪಾಯದ ಅಂಚಿಗೆ ತೆಳುವಾಗುತ್ತಿರುವಾಗಲೂ ಕಾರು ಚುರುಕಾಗಿಯೇ ತೋರಬಹುದು.

ಸೂಪರ್‌ಚಾರ್ಜರಿನ ಒತ್ತಡವು ಒಂದು ಪೌಂಡು ಏರಿದರೆ ಇಂಧನದ ಒತ್ತಡವನ್ನು ಹಲವು ಪೌಂಡು ಏರಿಸುವ ವಿಶೇಷ ನಿಯಂತ್ರಕಗಳೂ ಬಳಕೆಗೆ ಬಂದಿದ್ದವು. ಗಣಕಯಂತ್ರದ ಲೆಕ್ಕವನ್ನು ತಿದ್ದುವುದು ಕಷ್ಟವಾಗಿದ್ದ ಕಾಲದಲ್ಲಿ ಅವು ಒಂದು ಉಪಾಯವಾಗಿದ್ದವು. ಆದರೆ ವರ್ಗಮೂಲದ ನಿಯಮವೂ ಪಂಪಿನ ಮಿತಿಯೂ ಅವುಗಳನ್ನು ಬಿಟ್ಟಿರಲಿಲ್ಲ. ಇನ್ನು ಈಚಿನ ಅನೇಕ ಕಾರುಗಳಲ್ಲಿ ಮರಳುವ ಕೊಳವೆಯೇ ಇಲ್ಲ; ನಿಯಂತ್ರಕವು ಟ್ಯಾಂಕಿನೊಳಗೇ ಅಡಗಿರುವುದು. ಅಂತಹವುಗಳಲ್ಲಿ ಮೇಲಿನ ಕ್ರಮವು ಹಾಗೆಯೇ ಅನ್ವಯಿಸುವುದಿಲ್ಲ.

ಉಪಸಂಹಾರ

ಸಾರ್ವಜನಿಕ ರಸ್ತೆಯಲ್ಲಿ ಓಡುವ ವಾಹನವನ್ನು ಮನಬಂದಂತೆ ಮಾರ್ಪಡಿಸಲು ಕಾನೂನಿನ ಸಮ್ಮತಿಯಿಲ್ಲ. ಭಾರತದಲ್ಲಿ 1988ರ ಮೋಟಾರು ವಾಹನ ಕಾಯಿದೆಯ 52ನೆಯ ಪ್ರಕರಣವು ನೋಂದಣಿ ಪತ್ರದಲ್ಲಿರುವ ವಿವರಗಳು ತಯಾರಕರ ಮೂಲ ವಿವರಗಳಿಗೆ ವ್ಯತ್ಯಾಸವಾಗುವಂತೆ ವಾಹನವನ್ನು ಬದಲಿಸುವುದನ್ನು ನಿರ್ಬಂಧಿಸಿದೆ. ಅಮೆರಿಕದಲ್ಲಿಯೂ ಹೊಗೆಯನ್ನು ನಿಯಂತ್ರಿಸುವ ಸಾಧನಗಳನ್ನು ಕೆಡಿಸುವುದು ಅಪರಾಧ. ಈ ವಿದ್ಯೆಗೆ ತಕ್ಕ ಸ್ಥಳವು ಪಂದ್ಯದ ಬಯಲು ಮತ್ತು ಕಲಿಕೆಯ ಕಾರ್ಯಾಗಾರ.

ಇಷ್ಟೆಲ್ಲ ವಿಚಾರದ ಸಾರವು ಚಿಕ್ಕದು. ತಿರುಪನ್ನು ತಿರುಗಿಸುವ ಕೈಗೆ ಅರ್ಧ ನಿಮಿಷ ಸಾಕು. ಎಷ್ಟು ತಿರುಗಿಸಬೇಕೆಂದು ತಿಳಿಯುವ ಬುದ್ಧಿಗೆ ಅಳತೆ ಬೇಕು, ಲೆಕ್ಕ ಬೇಕು, ತಾಳ್ಮೆ ಬೇಕು. ಅಳೆಯದೆ ತಿರುಗಿಸಿದ ಕಾಲು ಸುತ್ತು ಎಂಜಿನ್ನನ್ನೇ ಬಲಿ ತೆಗೆದುಕೊಳ್ಳಬಹುದು. ಅಳೆದು ತಿರುಗಿಸಿದ ಕಾಲು ಸುತ್ತು ಅದನ್ನು ಬಹುಕಾಲ ಬಾಳಿಸಬಹುದು. ತರಗತಿಯಲ್ಲಿ ಕಲಿತ ವರ್ಗಮೂಲವು ಪರೀಕ್ಷೆಯ ಹಾಳೆಯಲ್ಲಿಯೇ ಮುಗಿಯದೆ, ಎಣ್ಣೆ ಮೆತ್ತಿದ ಕೈಗಳಿಗೂ ದಾರಿ ತೋರುವುದೆಂಬುದಕ್ಕೆ ಇದಕ್ಕಿಂತ ಬೇರೆ ನಿದರ್ಶನ ಬೇಕಿಲ್ಲ.

ಅಭ್ಯಾಸ

1. ಮೂಲ ಒತ್ತಡ 39 ಪೌಂಡು ಇರುವಾಗ ಗಂಟೆಗೆ 24 ಪೌಂಡು ಕೊಡುವ ಇಂಜೆಕ್ಟರು 45 ಪೌಂಡಿನಲ್ಲಿ ಎಷ್ಟು ಕೊಡುವುದು?

2. ಸೂಪರ್‌ಚಾರ್ಜರು ಗಾಳಿಯನ್ನು 6 ಪೌಂಡಿನಿಂದ ಒತ್ತುವಾಗ, ರಬ್ಬರು ಕೊಳವೆಯು ಸರಿಯಾಗಿದ್ದರೆ ಮಾಪಕದಲ್ಲಿ ಕಾಣಬೇಕಾದ ಅಂಕಿ ಯಾವುದು? ಕೊಳವೆ ಕಳಚಿದ್ದರೆ ಇಂಜೆಕ್ಟರಿನ ಎರಡು ಬದಿಗಳ ಅಂತರವೆಷ್ಟು?

3. ನಿಂತಲ್ಲಿ ಸರಿಯಾದ ಒತ್ತಡವನ್ನು ತೋರುವ ಕಾರು ವೇಗದಲ್ಲಿ ಕೊರತೆಯನ್ನು ತೋರಿದರೆ, ತಿರುಪನ್ನು ಮುಟ್ಟುವ ಮೊದಲು ಪರೀಕ್ಷಿಸಬೇಕಾದ ಮೂರು ಸಂಗತಿಗಳಾವುವು?